18.5 ಡಿಗ್ರಿ ಕೋಣೆ, 25 ವ್ಯಾಟ್ ಹೀಟರ್, ಒಂದು ಫೈಟರ್ ಮೀನು

ಬೆಳಿಗ್ಗೆ 6:40. ದೀಪ ಹಾಕಿದೆ, ಗುಂಡ ಕಾಣಲಿಲ್ಲ. ಗುಂಡ ಅಂದರೆ ನಮ್ಮನೆ ಬೆಟ್ಟಾ, ಫೈಟರ್ ಮೀನು, ಕಡು ನೀಲಿ ಗಂಡು. ದಿನಾ ನನ್ನ ನೆರಳು ಬಿದ್ದರೆ ಸಾಕು, ಗಾಜಿನ ಹತ್ತಿರ ಬಂದು ಊಟ ಎಲ್ಲಿ ಅನ್ನುವ ಹಾಗೆ ಮೈ ಕುಣಿಸುತ್ತಾನೆ. ಅವತ್ತು ಬಗ್ಗಿ ಹುಡುಕಬೇಕಾಯಿತು. ಸ್ಪಂಜ್ ಫಿಲ್ಟರಿನ ಹಿಂದೆ, ತಳದಲ್ಲಿ, ಒಂದು ಪಕ್ಕಕ್ಕೆ ವಾಲಿಕೊಂಡು ಬಿದ್ದಿದ್ದ. ಬೀಸಣಿಗೆ ಹಾಗೆ ಹರಡಿರುತ್ತಿದ್ದ ಬಾಲ ಹಿಂಡಿದ ಬಟ್ಟೆ ಥರ ಒಂದೇ ಎಳೆಯಾಗಿ ಅಂಟಿಕೊಂಡಿತ್ತು. ಮೈಮೇಲೆ ಯಾರೋ ಬೂದಿ ಉದುರಿಸಿದ ಹಾಗಿತ್ತು ಬಣ್ಣ.

"ಅಪ್ಪಾ, ಸತ್ತೋಯ್ತಾ?" ಅಂದಳು ಹಿಂದೆ ನಿಂತಿದ್ದ ಮಗಳು.

"ಇಲ್ಲ ಪುಟ್ಟಿ. ಕಿವಿರು ನೋಡು, ಆಡ್ತಿದೆ."

ಆಡುತ್ತಿತ್ತು, ಆದರೆ ತುಂಬಾ ನಿಧಾನಕ್ಕೆ. ಒಂದು ಸಲ ತೆರೆದು ಮುಚ್ಚಿ ಮತ್ತೆ ತೆರೆಯುವಷ್ಟರಲ್ಲಿ ನಾನು ಮೂರು ಎಣಿಸಬಹುದಿತ್ತು. ಥರ್ಮಾಮೀಟರ್ ಇಳಿಬಿಟ್ಟೆ. 19.0 ಡಿಗ್ರಿ. ಬೆಟ್ಟಾಗೆ ಇರಬೇಕಾದದ್ದು 24ರಿಂದ 28. ಬೋರ್ಡಿನ ಕಡೆ ನೋಡಿದೆ, ಹೀಟರ್ ಸ್ವಿಚ್ ಆಫ್.

ಹಿಂದಿನ ರಾತ್ರಿ ನೀರು ಬದಲಾಯಿಸಿದ್ದು ನಾನೇ. ಹಿಂದಿನ ವಾರ ಸೋಮಾರಿತನ ಮಾಡಿ ಬಿಟ್ಟಿದ್ದೆ, ಅದಕ್ಕೆ ಈ ಸಲ ಎರಡು ವಾರದ್ದು ಒಟ್ಟಿಗೆ ಅಂತ 20 ಲೀಟರ್ ಟ್ಯಾಂಕಿನಿಂದ 12 ಲೀಟರ್ ತೆಗೆದೆ. ನೀರು ಇಳಿದಾಗ ಹೀಟರ್ ಹೊರಗೆ ಉಳಿದು ಉರಿದರೆ ಅದರ ಗಾಜು ಒಡೆಯುತ್ತದೆ, ಹಾಗಾಗಿ ಮೊದಲೇ ಆಫ್ ಮಾಡಿದೆ. ಅಷ್ಟರ ಮಟ್ಟಿಗೆ ಸರಿ. ಆಮೇಲೆ ನಲ್ಲಿಯಿಂದ ಹಿಡಿದ ನೀರಿಗೆ ಕ್ಲೋರಿನ್ ತೆಗೆಯುವ ದ್ರವ ಹಾಕಿ, ಕೈ ಅದ್ದಿ ನೋಡಿ, "ಪರವಾಗಿಲ್ಲ, ಸ್ವಲ್ಪ ತಣ್ಣಗಿದೆ" ಅಂದುಕೊಂಡು ಸುರಿದೆ. ಫೋನ್ ಬಂತು, ಎದ್ದು ಹೋದೆ, ಸ್ವಿಚ್ ಮರೆತೇ ಹೋಯಿತು.

ಆ ನಲ್ಲಿ ನೀರು ಎಷ್ಟಿರುತ್ತೆ ಅಂತ ಮರುದಿನ ಅಳೆದೆ. 18 ಡಿಗ್ರಿ. ಟ್ಯಾಂಕಿನಲ್ಲಿ ಉಳಿದಿದ್ದ 8 ಲೀಟರ್ ಸುಮಾರು 26ರಲ್ಲಿತ್ತು. ಎಂಟು ಗುಣಿಸು 26, ಹನ್ನೆರಡು ಗುಣಿಸು 18, ಕೂಡಿಸಿ ಇಪ್ಪತ್ತರಿಂದ ಭಾಗಿಸಿದರೆ 21.2. ಅಂದರೆ ಐದು ನಿಮಿಷದಲ್ಲಿ ಅವನನ್ನು ಹತ್ತಿರ ಹತ್ತಿರ 5 ಡಿಗ್ರಿ ಕೆಳಗೆ ತಳ್ಳಿದ್ದೇನೆ. ಮಿಕ್ಕಿದ್ದನ್ನು ರಾತ್ರಿಯ 18.5 ಡಿಗ್ರಿ ಕೋಣೆ ಮಾಡಿತು. ಕೈಗೆ ಮೂರ್ನಾಲ್ಕು ಡಿಗ್ರಿ ವ್ಯತ್ಯಾಸ ಸರಿಯಾಗಿ ಗೊತ್ತಾಗಲ್ಲ, ಚಳಿಗೆ ಕೈ ತಣ್ಣಗಾಗಿದ್ದರೆ ಇನ್ನೂ ಗೊತ್ತಾಗಲ್ಲ.

ನಮಗೆ ಚಳಿಯಾದರೆ ಮೈ ಒಳಗೆ 37 ಡಿಗ್ರಿ ಹಾಗೇ ಇರುತ್ತೆ. ಮೀನಿಗೆ ಆ ಸೌಕರ್ಯ ಇಲ್ಲ. ಕಿವಿರಿನಲ್ಲಿ ರಕ್ತ ಮತ್ತು ನೀರಿನ ನಡುವೆ ಇರೋದು ತೆಳ್ಳನೆ ಪೊರೆ ಮಾತ್ರ. ನೀರಿನ ತಂಪು ನೇರ ರಕ್ತಕ್ಕೆ ಇಳಿದು ಮೈಗೆಲ್ಲ ಸುತ್ತುತ್ತದೆ. ಹೃದಯ, ಜೀರ್ಣ, ರೋಗ ತಡೆಯುವ ಶಕ್ತಿ ಎಲ್ಲವೂ ಒಟ್ಟಿಗೆ ನಿಧಾನ. ಬೆಟ್ಟಾಗಳ ಮೂಲ ಜಾಗವಾದ ಥಾಯ್ಲೆಂಡಿನ ಗದ್ದೆ, ಕಾಲುವೆಗಳಲ್ಲೂ ನೀರು ಹಗಲು ರಾತ್ರಿ ಸ್ವಲ್ಪ ಏರಿಳಿಯುತ್ತೆ. ಆದರೆ ಅದು ಗಂಟೆಗಟ್ಟಲೆ ಹಿಡಿಯುವ ಕೆಲಸ, ಒಂದು ಬಕೆಟ್ ಸುರಿದ ಹಾಗಲ್ಲ.

ಮೊದಲು ಮನಸ್ಸಿಗೆ ಬಂದದ್ದು ಬಿಸಿನೀರು. ಒಂದು ಪಾತ್ರೆ ಕಾಯಿಸಿ ಸುರಿದರೆ ಹತ್ತು ನಿಮಿಷದಲ್ಲಿ 26 ಆಗುತ್ತೆ, ಅಲ್ವಾ? ಆಗುತ್ತೆ. ಮೀನಿಗೆ ಎರಡನೇ ಏಟೂ ಬೀಳುತ್ತೆ. ಬಿಸಿಯಾದ ಕೂಡಲೇ ಮೈ ಜಾಸ್ತಿ ಆಮ್ಲಜನಕ ಕೇಳುತ್ತೆ, ಬಿಸಿ ನೀರಿನಲ್ಲಿ ಆಮ್ಲಜನಕ ಕರಗೋದು ಕಮ್ಮಿ, ಕಿವಿರು ಇನ್ನೂ ನಿದ್ದೆಗಣ್ಣಲ್ಲಿರುತ್ತೆ. ಬೆಟ್ಟಾ ಮೇಲೆ ಬಂದು ಗಾಳಿ ನುಂಗಿ ಉಸಿರಾಡಬಲ್ಲದು, ತಲೆಯ ಒಳಗೆ ಅದಕ್ಕೆಂದೇ ಒಂದು ಅಂಗ ಇದೆ. ಆದರೆ ಏಳಲಾರದೆ ಬಿದ್ದಿರುವವನಿಗೆ ಅದು ಯಾವ ಉಪಯೋಗ? ಗಂಟೆಗೆ ಒಂದು ಡಿಗ್ರಿ, ಅದಕ್ಕಿಂತ ಬೇಗ ಬೇಡ ಅಂತ ತೀರ್ಮಾನ ಮಾಡಿದೆ.

"ಬೇರೆ ಡಬ್ಬಕ್ಕೆ ಹಾಕಿ ನೋಡ್ಕೊಳ್ಳೋದು ಸುಲಭ ಅಲ್ವೇನ್ರೀ?" ಅಂತ ಹೆಂಡತಿ ಕೇಳಿದಳು. ನಮಗೆ ಸುಲಭ. ಅವನಿಗೆ ಬಲೆ, ಹೊಸ ನೀರು, ಹೊಸ ಜಾಗ, ಎಲ್ಲಾ ಇನ್ನೊಂದೊಂದು ಗಾಬರಿ. ಇದ್ದಲ್ಲೇ ಇರಲಿ ಅಂದೆ.

ಹೀಟರ್ ಹಾಕೋಕೆ ಮುಂಚೆ ನೀರಿನ ಅಮೋನಿಯಾ ಪರೀಕ್ಷೆ ಮಾಡಿದೆ, ಮೀನಿನ ಗಲೀಜಿನಿಂದ ನೀರಿಗೆ ಸೇರುವ ವಿಷ ಅದು. ತಳ ಹಿಡಿದು ಮಲಗೋದು, ರೆಕ್ಕೆ ಮಡಚೋದು, ಬಣ್ಣ ಮಾಸೋದು ಇವೆಲ್ಲ ಅಮೋನಿಯಾ ಏರಿದಾಗಲೂ ಆಗುತ್ತವೆ. ಸುಮ್ನೆ ಚಳಿ ಅಂತ ನಂಬಿ ಬಿಸಿ ಮಾಡುತ್ತಾ ಕೂತು, ನಿಜವಾದ ಕಾರಣ ಬೇರೆಯಾಗಿದ್ದರೆ? ಅಮೋನಿಯಾ ಸೊನ್ನೆ, ಅದರಿಂದಲೇ ಹುಟ್ಟುವ ನೈಟ್ರೈಟೂ ಸೊನ್ನೆ. ಸರಿ, ಚಳಿಯೇ.

ಆಮೇಲೆ 4 ಲೀಟರ್ ನೀರು ತೆಗೆದೆ, ತಳದಿಂದ ಮೇಲಕ್ಕೆ ಅವನಿಗೆ ದೂರ ಕಮ್ಮಿಯಾಗಲಿ ಅಂತ. ಇಲ್ಲಿ ಒಂದು ತೊಡಕು. ನಿಂತಿರುವ ಹೀಟರಿಗೆ ಇಷ್ಟು ನೀರು ಇರಲೇಬೇಕು ಅಂತ ಒಂದು ಗೆರೆ ಇರುತ್ತೆ, ನೀರು ಅದಕ್ಕಿಂತ ಕೆಳಗಿಳಿಯಿತು. ನನ್ನದು ಪೂರ್ತಿ ಮುಳುಗಿಸಬಹುದಾದ ಹೀಟರ್ ಆದ್ದರಿಂದ ತಳದ ಹತ್ತಿರ ಅಡ್ಡಡ್ಡ ಮಲಗಿಸಿ, ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲಿನಿಂದ (ಸಕ್ಷನ್ ಕಪ್) ಅಂಟಿಸಿದೆ. ಕಲ್ಲಿಗೆ ತಾಗಬಾರದು, ಒಂದು ಬೆರಳು ಸಂದು ಬಿಟ್ಟೆ. ಏರ್ ಪಂಪಿನ ವಾಲ್ವ್ ತಿರುಗಿಸಿ ಗುಳ್ಳೆ ಸಣ್ಣ ಮಾಡಿದೆ. ಉದ್ದ ರೆಕ್ಕೆಯ ಮೀನು, ಸೆಳೆತ ಜಾಸ್ತಿಯಾದರೆ ಇರುವ ಶಕ್ತಿಯೂ ಅದರ ವಿರುದ್ಧ ಈಜೋದಕ್ಕೇ ಹೋಗುತ್ತೆ. ಪೂರ್ತಿ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಹೀಟರ್ ಪಕ್ಕದ ನೀರು ಮಾತ್ರ ಕಾಯುತ್ತೆ.

7:10ಕ್ಕೆ ಹೀಟರ್ ಆನ್. ಪೆನ್ಸಿಲ್, ಹಳೇ ಲಕೋಟೆ ಹಿಡಿದು ಲೆಕ್ಕ ಹಾಕಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4,190 ಜೂಲ್ ಬೇಕು. 16 ಲೀಟರಿಗೆ 67,000. 25 ವ್ಯಾಟ್ ಅಂದರೆ ಸೆಕೆಂಡಿಗೆ 25 ಜೂಲ್. ಭಾಗಿಸಿದರೆ 45 ನಿಮಿಷಕ್ಕೆ ಒಂದು ಡಿಗ್ರಿ, ಗಾಜಿನಿಂದ, ಮೇಲ್ಮೈಯಿಂದ ಹೋಗುವ ಶಾಖ ಕಳೆದರೆ ಹೆಚ್ಚು ಕಮ್ಮಿ ಗಂಟೆ. ಅಂದರೆ ನಾನು ಬೇಕು ಅಂದರೂ ಈ ಹೀಟರಿನಿಂದ ಅವಸರ ಮಾಡೋಕಾಗಲ್ಲ. ಮೊದಲ ಸಲ ಅದರ ದುರ್ಬಲತೆ ಇಷ್ಟವಾಯಿತು.

(ಹೀಟರ್ ಇಲ್ಲದಿದ್ದರೆ ಮುಚ್ಚಳ ಬಿಗಿಯಾದ ಒಂದು ಲೀಟರ್ ಬಾಟಲಿಯಲ್ಲಿ 40 ಡಿಗ್ರಿ ನೀರು ತುಂಬಿ ತೇಲಿಬಿಡಬಹುದು. ಬಾಟಲಿ ಪೂರ್ತಿ ಆರುವಷ್ಟರಲ್ಲಿ 16 ಲೀಟರ್ ಏರೋದು ಸುಮಾರು 1.2 ಡಿಗ್ರಿ. ಒಂದಾದ ಮೇಲೆ ಒಂದು, ಎರಡು ಬಾಟಲಿ ಒಟ್ಟಿಗೆ ಬೇಡ.)

ಟ್ಯಾಂಕಿನ ದೀಪ ಆರಿಸಿ ಮುಂದೆ ಒಂದು ತೆಳು ಟವೆಲ್ ಇಳಿಬಿಟ್ಟೆವು. ಗಂಟೆಗೊಮ್ಮೆ ಮಾತ್ರ ಎತ್ತಿ ನೋಡಬೇಕು ಅಂತ ಮಗಳ ಜೊತೆ ಒಪ್ಪಂದ. ಮುರಿದಿದ್ದು ನಾನೇ.

8:10ಕ್ಕೆ 20.1. ವಾಲಿದ ಹಾಗೇ ಇದ್ದ. 9:30ಕ್ಕೆ 21.2. ಆಗ ನಾನು ನೋಡುತ್ತಿದ್ದ ಹಾಗೇ ಎದೆಯ ಪಕ್ಕದ ಸಣ್ಣ ರೆಕ್ಕೆ ಎರಡು ಸಲ ಅಲುಗಿತು. ಮೈ ನೆಟ್ಟಗಾಯಿತು. ಸ್ಪಂಜಿಗೆ ಆತುಕೊಂಡು, ಮೆಟ್ಟಿಲು ಹತ್ತುವವರು ಕಂಬಿ ಹಿಡಿದ ಹಾಗೆ, ಅದಕ್ಕೆ ಉಜ್ಜಿಕೊಂಡೇ ಮೇಲೆ ಬಂದ. ನೀರಿನಿಂದ ಬಾಯಿ ಹೊರಗೆ ಹಾಕಿ ಒಂದೇ ಒಂದು ಗುಟುಕು ಗಾಳಿ. ಕಿವಿರಿನ ಪಕ್ಕದಿಂದ ಸಾಸಿವೆಯಷ್ಟು ದೊಡ್ಡ ಗುಳ್ಳೆ ಒಂದು ಜಾರಿತು. ಮತ್ತೆ ಕಲ್ಲು ಬಿದ್ದ ಹಾಗೆ ತಳಕ್ಕೆ. ಆದರೆ ಈ ಸಲ ಹೊಟ್ಟೆಯ ಮೇಲೆ ಕೂತ, ಪಕ್ಕಕ್ಕೆ ವಾಲಲಿಲ್ಲ.

ಮಧ್ಯಾಹ್ನ 12ಕ್ಕೆ 22.6. 3 ಗಂಟೆಗೆ 23.4. ಸಂಜೆ 6ಕ್ಕೆ 23.9. ರಾತ್ರಿ 8ಕ್ಕೆ ಮತ್ತೆ ನೋಡಿದರೆ 24.0. ಹೀಟರಿನ ಕೆಂಪು ದೀಪ ಬೆಳಿಗ್ಗೆಯಿಂದ ಒಂದು ಸಲವೂ ಆರಿಲ್ಲ, ತಿರುಪು 26ರಲ್ಲಿದೆ, ನೀರು ಮಾತ್ರ ಅಲ್ಲೇ ನಿಂತುಬಿಟ್ಟಿದೆ. ಹೀಟರ್ ಕೆಟ್ಟಿದೆ ಅಂದುಕೊಂಡೆ ಮೊದಲು. ಕೆಟ್ಟಿರಲಿಲ್ಲ. ಮತ್ತೆ ಅದೇ ಲಕೋಟೆ ತಗೊಂಡೆ.

ಅವತ್ತು ಬಿಸಿಲೇ ಇಲ್ಲದ ದಿನ, ಕೋಣೆ ಇಡೀ ದಿನ 18.5ರ ಸುತ್ತಮುತ್ತ. ನೀರು 24ಕ್ಕೆ ನಿಂತಿದೆ ಅಂದರೆ ಕೋಣೆಗಿಂತ 5.5 ಮೇಲೆ, ಅಲ್ಲಿ ಹೀಟರ್ ಕೊಡುವ 25 ವ್ಯಾಟೂ ಕೋಣೆಗೆ ಸೋರಿಹೋಗುತ್ತಿದೆ. ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 4.5 ವ್ಯಾಟ್. ಈ ಕೋಣೆಯಲ್ಲಿ 26 ಹಿಡಿದಿಡಬೇಕು ಅಂದರೆ 7.5 ಗುಣಿಸು 4.5, ಅಂದರೆ 34 ವ್ಯಾಟ್ ಬೇಕು. ನನ್ನ ಹತ್ತಿರ ಇರೋದು 25. ಅಂದರೆ ನಾನು ಸ್ವಿಚ್ ಮರೆಯದಿದ್ದರೂ ಇಂಥ ಚಳಿಯಲ್ಲಿ ಈ ಟ್ಯಾಂಕು 26 ಮುಟ್ಟುತ್ತಲೇ ಇರಲಿಲ್ಲ! ಸೆಕೆ ದಿನಗಳಲ್ಲಿ ಹೀಟರಿಗೆ ಕೆಲಸವೇ ಇಲ್ಲ, ಅದಕ್ಕೇ ಗೊತ್ತಾಗಿರಲಿಲ್ಲ. ಸ್ವಿಚ್ ಮರೆತದ್ದಕ್ಕಿಂತ ಇದು ನನಗೆ ಜಾಸ್ತಿ ಚುಚ್ಚಿತು.

ಆ ಹೊತ್ತಲ್ಲಿ ಹೊಸ ಹೀಟರ್ ಎಲ್ಲಿ ತರೋದು? ಸೋರುವುದನ್ನು ನಿಲ್ಲಿಸಬೇಕು. ಪ್ಯಾಕಿಂಗಿನಲ್ಲಿ ಬಂದಿದ್ದ ಥರ್ಮೋಕೋಲ್ ಹಾಳೆಗಳಿದ್ದವು. ಹಿಂದೆ ಒಂದು, ಎರಡು ಪಕ್ಕಕ್ಕೆ ಒಂದೊಂದು, ಚಾಕುವಿನಿಂದ ಕತ್ತರಿಸಿ ಹೊರಗಿನಿಂದ ಟೇಪ್ ಹಾಕಿದೆ. ಮುಂದೆ ಗಾಜು ಹಾಗೇ ಬಿಟ್ಟು ಟವೆಲ್ ಎರಡು ಮಡಿಕೆ ಮಾಡಿದೆ. ಎಲ್ಲಕ್ಕಿಂತ ಮುಖ್ಯ ಮೇಲ್ಭಾಗ. ತೆರೆದ ನೀರು ಆವಿಯಾಗುತ್ತಾ ಶಾಖ ಹೊತ್ತುಕೊಂಡು ಹೋಗುತ್ತೆ, ಮತ್ತೆ ಬೆಟ್ಟಾ ನುಂಗುವುದು ಆ ಮೇಲಿನ ಗಾಳಿಯನ್ನೇ, ಅದು 18 ಡಿಗ್ರಿ ಇದ್ದರೆ ಒಂದೊಂದು ಗುಟುಕೂ ತಣ್ಣಗಿನದು. ಹಳೇ ಫೋಟೋ ಚೌಕಟ್ಟಿನ ಅಕ್ರಿಲಿಕ್ ಹಾಳೆ ಮುಚ್ಚಿದೆ, ಹಿಂದೆ ಎರಡು ಬೆರಳು ಸಂದು ಬಿಟ್ಟು.

10:30ಕ್ಕೆ 25.0. ಅದೇ ಹೀಟರ್! ಬೆಳಿಗ್ಗೆ 6ಕ್ಕೆ 26.0, ಕೆಂಪು ದೀಪ ಆರಿತ್ತು. ಅದು ಆರಿದ್ದು ನೋಡಿ ಯಾರಾದರೂ ಇಷ್ಟು ಖುಷಿಪಟ್ಟಿರಲಿಕ್ಕಿಲ್ಲ.

ಎರಡನೇ ದಿನ ಗುಂಡ ಮೇಲ್ಮೈ ಹತ್ತಿರ ಕಾಡುಬಾದಾಮಿ ಎಲೆಯ ಮೇಲೆ ಗಲ್ಲ ಊರಿಕೊಂಡು ನಿಂತಿದ್ದ. ಎಲೆ ಮುಂಚಿನಿಂದ ಟ್ಯಾಂಕಿನಲ್ಲಿದ್ದದ್ದೇ, ಹೊಸದಾಗಿ ಏನೂ ಹಾಕಲಿಲ್ಲ. ಉಪ್ಪು ಹಾಕು, ಆ ಔಷಧಿ ಹಾಕು, ಈ ಹನಿ ಹಾಕು ಅಂತ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಗಾಯ ಇಲ್ಲ, ಪರಾವಲಂಬಿ ಇಲ್ಲ, ಯಾತಕ್ಕೆ? ನೀರು ಬದಲಾಗಿದ್ದಕ್ಕೇ ಬಿದ್ದವನಿಗೆ ಮತ್ತೆ ನೀರು ಬದಲಾಯಿಸುವ ಔಷಧಿ ಬೇಡ ಅಂತ ನನ್ನ ಹಟ. ಊಟವನ್ನೂ ಕೊಡಲಿಲ್ಲ. ತಣ್ಣಗಿನ ಹೊಟ್ಟೆಯಲ್ಲಿ ಊಟ ಕರಗಲ್ಲ, ಉಬ್ಬರಿಸುತ್ತೆ. ಆರೋಗ್ಯವಾಗಿರುವ ದೊಡ್ಡ ಬೆಟ್ಟಾಗೆ ಎರಡು ಮೂರು ದಿನ ಉಪವಾಸ ಏನೂ ಅಲ್ಲ. ಮಗಳಿಗೆ ಇದನ್ನು ಒಪ್ಪಿಸೋದೇ ಕಷ್ಟವಾಯಿತು.

ಮೂರನೇ ದಿನ ಮೀನಿನ ಆಹಾರದ ಒಂದೇ ಒಂದು ಕಾಳು, ಐದು ನಿಮಿಷ ನೆನೆಸಿ. ಬಾಯಿಗೆ ಹಾಕಿಕೊಂಡ, ಉಗುಳಿದ, ಅದು ಮುಳುಗುವುದನ್ನು ನೋಡಿದ, ಹಿಂದೆ ಹೋಗಿ ನುಂಗಿದ. ಮೊದಲ ದಿನ ತೆಗೆದಿದ್ದ 4 ಲೀಟರಿನಷ್ಟು ನೀರನ್ನು ಅವತ್ತೇ ಮತ್ತೆ ತುಂಬೋಕೆ ಶುರು ಮಾಡಿದೆ. ಒಂದು ಸಲಕ್ಕೆ ಒಂದು ಲೀಟರ್, 26 ಡಿಗ್ರಿಗೆ ತಂದು, ಚೆಂಬಿನಲ್ಲಿ ಗಾಜಿನ ಒಳಮೈಗೆ ತಾಗಿಸಿ ಸಣ್ಣಗೆ ಬಿಟ್ಟೆ.

ನಾಲ್ಕನೇ ದಿನದಿಂದ ಟಾರ್ಚ್ ಹಿಡಿದು ಬಿಳಿ ಚುಕ್ಕೆ ಹುಡುಕುವ ಕೆಲಸ. ಚಳಿ ಹೊಡೆದ ಮೀನಿಗೆ ಹಿಂದೆಯೇ ಇಕ್ ಅನ್ನುವ ಬಿಳಿ ಚುಕ್ಕೆ ರೋಗ ಬರುವುದು ಸಾಮಾನ್ಯ, ಮೈಮೇಲೆ ಉಪ್ಪಿನ ಕಾಳು ಅಂಟಿದ ಹಾಗೆ ಕಾಣುತ್ತೆ. ಟಾರ್ಚ್ ಬೆಳಕು ಎದುರಿನಿಂದ ಬೇಡ, ಪಕ್ಕದಿಂದ ಓರೆಯಾಗಿ ಬೀಳಬೇಕು, ಆಗ ಉಬ್ಬು ಕಾಣುತ್ತೆ. ಐದನೇ ದಿನ ರಾತ್ರಿ ಬಾಲದ ಬುಡದಲ್ಲಿ ಒಂದು ಬಿಳಿ ಚುಕ್ಕೆ ಕಂಡು ಎದೆ ಧಸಕ್ಕೆಂದಿತು. ಹತ್ತು ನಿಮಿಷ ನೋಡುತ್ತಾ ಕೂತೆ. ಅವನು ತಿರುಗಿದಾಗ ಚುಕ್ಕೆ ಕಳಚಿಕೊಂಡು ಮೇಲೆ ಹೋಯಿತು. ಗಾಳಿ ಗುಳ್ಳೆ.

ಈ ನಡುವೆ ಟ್ಯಾಂಕಿನ ರಿಪೇರಿ. 50 ವ್ಯಾಟ್ ಹೀಟರ್ ತಂದೆ, ಜೊತೆಗೆ ಹೊರಗಿನಿಂದ ಹಿಡಿತ ಇಡುವ ಒಂದು ಟೆಂಪರೇಚರ್ ಕಂಟ್ರೋಲರ್. ಯಾಕೆ ಎರಡೂ ಅಂದರೆ, ದೊಡ್ಡ ಹೀಟರಿಗೆ ಬೇರೆ ಅಪಾಯ ಇದೆ. ಬಿಸಿ ಸಾಕಾದಾಗ ಆರಿಸುವ ಒಳಗಿನ ಥರ್ಮೋಸ್ಟಾಟ್ ಅಂಟಿಕೊಂಡು ಹೀಟರ್ ನಿಲ್ಲದೆ ಉರಿದರೆ, ಮುಚ್ಚಳ ಥರ್ಮೋಕೋಲ್ ಎಲ್ಲ ಇರುವ ಈ ಟ್ಯಾಂಕು ನನ್ನ ಲೆಕ್ಕದಲ್ಲಿ 35ರ ಹತ್ತಿರ ಹೋಗುತ್ತೆ. ಹಳೇ 25 ವ್ಯಾಟಿನದು ಕೆಟ್ಟರೂ ಅಷ್ಟು ಏರಿಸುತ್ತಿರಲಿಲ್ಲ. ಅದಕ್ಕೆ ಕಂಟ್ರೋಲರ್ 26ಕ್ಕೆ, ಹೀಟರಿನ ಸ್ವಂತ ತಿರುಪು 28ಕ್ಕೆ. ಕಂಟ್ರೋಲರ್ ಕೈಕೊಟ್ಟರೆ 28ಕ್ಕೆ ಹೀಟರ್ ತಾನೇ ನಿಲ್ಲುತ್ತೆ, ಹೀಟರ್ ಕೈಕೊಟ್ಟರೆ 26ಕ್ಕೆ ಕಂಟ್ರೋಲರ್ ಕರೆಂಟ್ ಕೀಳುತ್ತೆ. ಎರಡೂ ಒಂದೇ ದಿನ ಕೈಕೊಟ್ಟರೆ ನನ್ನ ಗ್ರಹಚಾರ. 24ಕ್ಕಿಂತ ಇಳಿದರೆ ಕೀಂ ಅಂತ ಕೂಗುವ ಹಾಗೂ ಇಟ್ಟೆ.

ಜೋಡಿಸುವ ಮುಂಚೆ ಐಸ್ ಪರೀಕ್ಷೆ. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಹಾಕಿ ಚೆನ್ನಾಗಿ ಕಲಕಿದರೆ ಅದು ಸೊನ್ನೆ ಡಿಗ್ರಿ, ಮನೆಯಲ್ಲಿ ಇದಕ್ಕಿಂತ ನಂಬಿಕಸ್ಥ ಅಳತೆ ಇಲ್ಲ. ನನ್ನ ಥರ್ಮಾಮೀಟರ್ 0.3 ತೋರಿಸಿತು, ಪರವಾಗಿಲ್ಲ. ಹೊಸ ಕಂಟ್ರೋಲರಿನ ಸೆನ್ಸರ್ 1.6 ತೋರಿಸಿತು. ಹಾಗೇ ಬಿಟ್ಟಿದ್ದರೆ 26 ಅಂತ ಹೇಳಿಕೊಂಡು 24.4ರಲ್ಲಿ ಇಡುತ್ತಿತ್ತು. ಸೆಟ್ಟಿಂಗಿನಲ್ಲಿ ಅಷ್ಟನ್ನು ಕಳೆಯುವ ಆಯ್ಕೆ ಇದೆ, ಕಳೆದೆ.

ಸೆನ್ಸರ್ ಕಟ್ಟುವುದರಲ್ಲಿ ಸ್ವಲ್ಪ ತಲೆ ಓಡಿಸಬೇಕು. ಅದು ಜಾರಿ ನೀರಿನಿಂದ ಹೊರಗೆ ಬಂದರೆ ಕೋಣೆಯ 18 ಡಿಗ್ರಿ ಓದಿ, ನೀರು ತಣ್ಣಗಿದೆ ಅಂದುಕೊಂಡು ಕಂಟ್ರೋಲರ್ ಬಿಸಿ ಮಾಡುತ್ತಲೇ ಇರುತ್ತೆ. ರಬ್ಬರ್ ಬಟ್ಟಲನ್ನು ನಾನು ನಂಬಲ್ಲ, ಪಾಚಿ ಹತ್ತಿದರೆ ಬಿಟ್ಟುಕೊಳ್ಳುತ್ತೆ. ಅದಕ್ಕೆ ಸ್ಪಂಜ್ ಫಿಲ್ಟರಿನ ಪೈಪಿಗೆ, ಹೀಟರಿನಿಂದ ದೂರದ ಕಡೆ, ಅರ್ಧ ಆಳದಲ್ಲಿ ಎರಡು ಜಿಪ್ ಟೈ ಹಾಕಿದೆ. ತುದಿ ಚೂಪಾಗಿ ಉಳಿಯದ ಹಾಗೆ ಉಗುರು ಕತ್ತರಿಯಿಂದ ಬುಡಕ್ಕೇ ಕತ್ತರಿಸಿದೆ, ಬೆಟ್ಟಾ ರೆಕ್ಕೆ ಅಂಥದ್ದಕ್ಕೆ ಸಿಕ್ಕಿಕೊಂಡು ಹರಿಯುತ್ತೆ. ವೈರುಗಳನ್ನು ಪ್ಲಗ್ಗಿಗಿಂತ ಕೆಳಗೆ ಜೋಲುಬಿಟ್ಟು ಮೇಲೆ ತಂದೆ, ವೈರಿನ ಗುಂಟ ಇಳಿಯುವ ನೀರು ಅಲ್ಲೇ ತೊಟ್ಟಿಕ್ಕಲಿ ಅಂತ. ಬೋರ್ಡನ್ನು ಟ್ಯಾಂಕಿನ ಹಿಂದಿನಿಂದ ತೆಗೆದು ಎದುರಿಗೆ ಕಾಣುವ ಗೋಡೆಗೆ ಹೊಡೆದೆ. ಅಷ್ಟು ದಿನ ಆ ಸ್ವಿಚ್ ನನ್ನ ಕಣ್ಣಿಗೇ ಬೀಳದ ಜಾಗದಲ್ಲಿತ್ತು, ಮರೆಯದೆ ಇನ್ನೇನು?

ಕರೆಂಟೇ ಹೋದರೆ ಕಂಟ್ರೋಲರೂ ಕೂಗಲ್ಲ, ಅದು ಗೊತ್ತಿರಲಿ. ಆಗ ಕೆಲಸಕ್ಕೆ ಬರೋದು ಥರ್ಮೋಕೋಲ್ ಮತ್ತು ಮುಚ್ಚಳವೇ, ಅವನ್ನು ಖಾಯಂ ಮಾಡಿದೆ.

ಹಳೇ ಹೀಟರಿಗೆ ಬೇರೆ ಕೆಲಸ ಸಿಕ್ಕಿದೆ, ಬಕೆಟ್ಟಿನ ನೀರು ಕಾಯಿಸೋದು. ಈಗ ವಾರಕ್ಕೆ 5 ಲೀಟರ್ ಮಾತ್ರ ಬದಲಾಯಿಸುತ್ತೇನೆ. 18ರಿಂದ 26ಕ್ಕೆ ಏರಲು ಲೆಕ್ಕದಲ್ಲಿ 1 ಗಂಟೆ 50 ನಿಮಿಷ, ನಿಜದಲ್ಲಿ ಎರಡೂವರೆ. ಉದ್ದನೆ ಕಿರಿದಾದ ಬಕೆಟ್ ಬೇಕು, ಹೀಟರ್ ಮುಳುಗಬೇಕು, ಪ್ಲಾಸ್ಟಿಕ್ಕಿಗೆ ತಾಗಬಾರದು. ಥರ್ಮಾಮೀಟರ್ ಬಕೆಟ್ಟಿನಲ್ಲೇ ಇರುತ್ತೆ. ಕೈ ಅದ್ದೋದು ಬಿಟ್ಟಿದ್ದೇನೆ.

ಇವತ್ತಿಗೆ 12ನೇ ದಿನ. ಬಾಲದ ಅಂಚಿನಲ್ಲಿ ಎರಡು ಕಡೆ ಸೀಳಿತ್ತು, ಅಲ್ಲಿ ಪಾರದರ್ಶಕವಾಗಿ, ಈರುಳ್ಳಿ ಒಳಪೊರೆಯಷ್ಟು ತೆಳ್ಳಗೆ ಹೊಸ ರೆಕ್ಕೆ ಬರುತ್ತಿದೆ, ಬಣ್ಣ ಇನ್ನೂ ತುಂಬಿಲ್ಲ. ದಿನಕ್ಕೆ ಎರಡು ಹೊತ್ತು ಎರಡೆರಡು ಕಾಳು. ಕಂಟ್ರೋಲರನ್ನು ಟ್ಯಾಂಕಿನ ಪಕ್ಕದಲ್ಲಿ ಕಾಣುವ ಹಾಗೆ ಇಟ್ಟಿದ್ದೆ, ಅದರ ಕೆಂಪು ಅಂಕಿಗಳು ರಾತ್ರಿ ಗಾಜಿನಲ್ಲಿ ಹೊಳೆಯುತ್ತವೆ. ನಿನ್ನೆ ದೀಪ ಆರಿಸಿದ ಮೇಲೆ ನೋಡಿದರೆ, ಗುಂಡ ಆ 26.0ರ ಎದುರು ನಿಂತು, ಕಿವಿರಿನ ಮುಚ್ಚಳ ಎರಡೂ ಅಗಲಕ್ಕೆ ಬಿಚ್ಚಿ, ಜಗಳಕ್ಕೆ ಕರೆಯುತ್ತಿದ್ದ. ಪೆಟ್ಟಿಗೆಯನ್ನು ಅರ್ಧ ಅಡಿ ಪಕ್ಕಕ್ಕೆ ಸರಿಸಿದೆ.